ಮೋಡಶಾಲೆಯ ಹೊರೆಗಲ್ಲು

ಕಪ್ಪತಗುಡ್ಡದ ಮೋಡಶಾಲೆ,
೨೪೧೭ನೆಯ ಇಸವಿ, ಹದಿಮೂರನೆಯ ತಿಂಗಳು

ನಮಗಿಂತ ಮುಂಚೆ ದುಡಿದವರೇ,

ತಾರೀಖು ನೋಡಿ ನಗಬೇಡಿ. ಬೇಸಿಗೆ ಉದ್ದವಾದಾಗ ನಮ್ಮ ಹಿರಿಯರು ಎಲ್ಲ ತಿಂಗಳುಗಳಿಂದ ಕೊಂಚ ಕೊಂಚ ಕತ್ತರಿಸಿ ಅದಕ್ಕೊಂದು ಹೊಸ ತಿಂಗಳು ಹೊಲಿದುಕೊಟ್ಟರು. ನಿಮ್ಮ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತವಳು. ಎಲ್ಲಾದರೂ ಮಾತು ವಿಚಿತ್ರವಾಗಿ ಕೇಳಿಸಿದರೆ ದೂರದೂರಿನ ನೆಂಟರ ಮಾತು ಎಂದುಕೊಂಡು ಮನ್ನಿಸಿ.

ಮೋಡಶಾಲೆ ಎಂದರೆ ಗುಡ್ಡದ ನೆತ್ತಿಯಲ್ಲಿ ಬಲೆ ಕಟ್ಟಿ, ಮೋಡದಿಂದ ನೀರಿಳಿಸಿ, ಕೆಳಗಿನ ಊರುಗಳಿಗೆ ಹಂಚುವ ಜಾಗ. ನಾವು ಅಲ್ಲಿ ನೀರ್ಗಾವಲಿನವರು. ಬೆಳಿಗ್ಗೆ ಬಲೆ ಕೊಡವಿ, ಜೋಳದ ರೊಟ್ಟಿ ತಿಂದು (ಅದು ಬದಲಾಗಿಲ್ಲ, ಚಿಂತೆ ಬೇಡ), ಕಿವಿಮಣಿ ಹಾಕಿಕೊಂಡು ಕೂರುತ್ತೇವೆ. ಕಿವಿಮಣಿ ಕಡಲೆಕಾಳಿನಷ್ಟಿದ್ದರೂ ಅದರೊಳಗೆ ಊರಿಗೆ ಊರೇ ಮಾತಾಡುತ್ತದೆ. ಒಂದು ಊರಿಗೆ ನೀರು ಸಾಲದು, ಇನ್ನೊಂದಕ್ಕೆ ತಡವಾಯಿತು, ಮತ್ತೊಂದರಲ್ಲಿ ಮದುವೆ. ಎಲ್ಲರದೂ ಅವಸರವೇ. ಯಾವ ಊರಿನ ಕೊಳವೆ ಮೊದಲು ತೆರೆಯಬೇಕೆಂದು ನಿರ್ಧರಿಸುವುದೇ ನಮ್ಮ ಕೆಲಸ.

ನೀವು ಒತ್ತಡ ಎನ್ನುತ್ತಿದ್ದುದನ್ನು ನಾವು ಹೊರೆ ಎನ್ನುತ್ತೇವೆ. ಹಿಂದೆ ದಾರಿಹೋಕರು ತಲೆಹೊರೆ ಇಳಿಸಲೆಂದು ದಾರಿ ಬದಿಗೆ ಕಲ್ಲು ನಿಲ್ಲಿಸುತ್ತಿದ್ದರಲ್ಲ, ಅಂಥದೊಂದು ಹೊರೆಗಲ್ಲು ನಮ್ಮ ಬಾಗಿಲಲ್ಲೂ ಇದೆ. ಮನಸ್ಸು ಭಾರವಾದವರು ಅದರ ಮೇಲೆ ಕೂರುತ್ತಾರೆ. ಮೊದಲು ಕಂಡವರು ಹೋಗಿ ಏನು ಹೊತ್ತಿದ್ದೀರಿ ಎಂದು ಕೇಳಬೇಕು, ಹೇಳಿದ್ದರಲ್ಲಿ ಒಂದು ಪಾಲು ತಾವು ಹೊರಬೇಕು. ಯಾರನ್ನೂ ಎಳೆದು ತಂದು ಕೂರಿಸುವಂತಿಲ್ಲ.

ಇಷ್ಟು ಒಳ್ಳೆಯ ಪದ್ಧತಿಯನ್ನು ನಾವೇ ಕೆಡಿಸಿಕೊಂಡೆವು. ವರ್ಷವಿಡೀ ಕಲ್ಲಿನ ಮೇಲೆ ಕೂರದವರಿಗೆ ಬೆಳ್ಳಿ ಕಡಗ ತೊಡಿಸೋಣವೆಂದು ಯಾರಿಗೋ ಹೊಳೆಯಿತು, ಎಲ್ಲರೂ ಹೂಂ ಎಂದೆವು. ಅಲ್ಲಿಂದ ಕೂರುವವರೇ ಇಲ್ಲವಾದರು. ಕಲ್ಲಿನ ಮೇಲೆ ಮೆಣಸಿನಕಾಯಿ ಒಣಗಹಾಕತೊಡಗಿದೆವು.

ಕಡಗ ಪ್ರತಿ ವರ್ಷವೂ ನಮ್ಮ ಹಿರಿಯಳು ನೀಲಕ್ಕನಿಗೇ. ಯಾರಾದರೂ ರಜೆ ಕೇಳಿದರೆ ಅವರ ಊರುಗಳನ್ನೂ ತನ್ನ ಕಿವಿಗೇ ಹಾಕಿಕೊಳ್ಳುತ್ತಿದ್ದಳು. ಬರಬರುತ್ತಾ ಊಟ ಬಿಟ್ಟಳು, ಸಣ್ಣ ಮಾತಿಗೂ ಸಿಡುಕಿದಳು. ಆಯಾಸವೇ ಎಂದು ಕೇಳಿದರೆ, ಆಯಾಸ ನಿಮ್ಮಂಥವರಿಗೆ ಎಂದು ಚುಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಶಿರಹಟ್ಟಿಯ ಹೆರಿಗೆಮನೆಯವರು ನೀರು ಬೇಕೆಂದು ಮತ್ತೆ ಮತ್ತೆ ಕೂಗಿದರು. ನೀಲಕ್ಕನಿಗೆ ಕೂಗು ಕೇಳಿಸುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಊರುಗಳ ಮಾತೆಲ್ಲ ಕಲಸಿಹೋಗಿ, ಕೊಳವೆಯ ತಿರುಗಣೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತುಬಿಟ್ಟಿದ್ದಳು. ನಾನು ಓಡಿಹೋಗಿ ತಿರುಗಿಸಿದೆ. ನೀರು ಹೊತ್ತಿಗೆ ಮುಟ್ಟಿತು. ಅವಳು ಮಾತ್ರ ತಾನು ಚೆನ್ನಾಗಿಯೇ ಇದ್ದೇನೆಂದು ಮತ್ತೆ ಕಿವಿಮಣಿ ಒತ್ತಿಕೊಂಡಳು. ಹೀಗೇ ಬಿಟ್ಟರೆ ನೀಲಕ್ಕ ನಮ್ಮ ಕೈತಪ್ಪುತ್ತಾಳೆಂದು ಎಲ್ಲರಿಗೂ ಗೊತ್ತಾಯಿತು.

ಜೊತೆಗಾರ ಫಕೀರಪ್ಪ ಎದ್ದು ಹೋಗಿ, ಮೆಣಸಿನಕಾಯಿ ಬಾಚಿ ಬದಿಗೆ ಸರಿಸಿ, ಕಲ್ಲಿನ ಮೇಲೆ ಕುಳಿತ. ಕುಳಿತವನು ನೀಲಕ್ಕನ ಕಣ್ಣಿಗೇ ಮೊದಲು ಬಿದ್ದ. ಪದ್ಧತಿ ಬಿಡುವವಳಲ್ಲ ಅವಳು. ಗೊಣಗುತ್ತಲೇ ಬಂದಳು.

"ಏನ್ ಹೊತ್ತೀಯೋ ಫಕೀರಪ್ಪ? ಲಗೂ ಹೇಳು."

"ನಿನ್ನ ಹೊತ್ತೀನಿ ನೀಲಕ್ಕ. ನೀ ಕುಂದ್ರೂದಿಲ್ಲ, ನನಗ ನಿದ್ದಿ ಬರೂದಿಲ್ಲ. ನಿನ್ನ ಪಾಲು ನೀನ ತಗೋ."

ನೀಲಕ್ಕ ಬೈಯುತ್ತಾಳೆಂದು ನಾವೆಲ್ಲ ತಲೆ ತಗ್ಗಿಸಿದೆವು. ಅವಳು ಕಿವಿಮಣಿ ತೆಗೆದು ಸೆರಗಿಗೆ ಗಂಟು ಹಾಕಿದಳು.

"ಹಂಗಾರ ಒಂಚೂರು ಸರಿ," ಎಂದು ಕಲ್ಲಿನ ಮೇಲೆ ಅವನ ಪಕ್ಕ ಕುಳಿತಳು.

ಅವತ್ತೇ ಅವಳ ಊರುಗಳನ್ನು ನಾವು ಹಂಚಿಕೊಂಡೆವು. ಕಡಗ ಕೊಡುವುದು ನಿಂತಿತು. ಒಂದು ಕಿವಿಗೆ ಇಷ್ಟೇ ಊರು, ಊಟದ ಹೊತ್ತಿಗೆ ಮಣಿ ಹೊರಗೆ ಎಂದು ಗೊತ್ತುಮಾಡಿದೆವು. ನೀಲಕ್ಕ ಒಂದು ಮಳೆಗಾಲ ಪೂರ್ತಿ ರಜೆ ಹಾಕಿ ಬಂದಳು. ಈಗ ಕೆಲಸವನ್ನೂ ಮಾಡುತ್ತಾಳೆ, ನಮ್ಮ ಅಡುಗೆಗೆ ಹೆಸರೂ ಇಡುತ್ತಾಳೆ. ಅವಳ ನಗು ಕಿವಿಮಣಿಯಲ್ಲಿ ಕೇಳಿ ಊರಿನವರು ಜಗಳ ಮರೆಯುತ್ತಾರೆ.

ಇಷ್ಟು ದೂರದಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಚೇರಿಯಲ್ಲೂ ಎಂದೂ ರಜೆ ಹಾಕದವರು, ಎಲ್ಲಕ್ಕೂ ಹೂಂ ಎನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಚಪ್ಪಾಳೆ ತಟ್ಟುವ ಮುಂಚೆ ಅವರ ಪಕ್ಕ ಹೋಗಿ ಕುಳಿತುಕೊಳ್ಳಿ. ಆ ಒಬ್ಬರು ನೀವೇ ಆಗಿದ್ದರೆ, ಪಕ್ಕದವರಿಗೆ ಕೊಂಚ ಸರಿಯಲು ಹೇಳಿ.

ನಿಮ್ಮ ಮುಂದಿನವಳು,
ಗುರಸಿದ್ದವ್ವ