ಎರಡನೆಯ ಸಲ ಕೂಗದ ಹೆಸರು

ಅಂಗಡಿ ಮೇಲಿನ ಮನೆ
ಮಾರ್ಚ್ ೧೧, ಬುಧವಾರ

ದೊಡ್ಡ ಸೊಸೆಗೆ, ಅಲ್ಲ, ನನ್ನ ಹಿರಿ ಮಗಳಿಗೆ, ಮಾವನ ಆಶೀರ್ವಾದ.

ಮೊಣಕಾಲು ಹೇಗಿದೆಯಮ್ಮಾ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ನಾಳೆ ನಾಳೆ ಎಂದು ದಿನ ತಳ್ಳುತ್ತಿದ್ದೀಯೋ? ನನ್ನ ಮಗರಾಯನಿಗೆ ಹೇಳು, ಮಾತ್ರೆ ತಂದು ಮೇಜಿನ ಮೇಲಿಟ್ಟರೆ ಗಂಡನ ಕೆಲಸ ಮುಗಿಯಲಿಲ್ಲ, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಬೇಕು. ನಾನು ಗಟ್ಟಿಯಾಗಿದ್ದೇನೆ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ನಿನ್ನ ವಾರಗಿತ್ತಿಯನ್ನು ಕೂಗಬೇಕು, ಅಷ್ಟೇ. ಹೊಲಿಯದೆ ಸುಮ್ಮನೆ ಕೂತರೆ ತಲೆ ಕೆಡುತ್ತದೆ, ಅದಕ್ಕೇ ಯಾರು ಹಳೇ ಪ್ಯಾಂಟು ತಂದರೂ ಬೇಡ ಅನ್ನುವುದಿಲ್ಲ.

ಹಡಗಿನ ಸ್ಮಾರಕ ಹೇಗಾಯಿತು, ನಿನ್ನ ಮಗ ದೊಡ್ಡುವಿನ ಹೆಸರು ಯಾವ ಸಾಲಿನಲ್ಲಿದೆ ಎಂದು ಕೇಳಿದ್ದೀಯ. ಹೇಳುತ್ತೇನೆ, ಕೂತುಕೊಂಡು ಓದು. ಬಂದರಿನ ಎದುರಿನ ಸರ್ಕಲ್ಲಿನಲ್ಲಿ, ಹಳೇ ಟಿಕೆಟ್ ಕೌಂಟರ್ ಒಡೆದ ಜಾಗದಲ್ಲಿ ಆಳೆತ್ತರದ ಕರಿಕಲ್ಲು ನಿಲ್ಲಿಸಿದ್ದಾರೆ. ಮೇಲೆ ಯುದ್ಧನೌಕೆಯ ಚಿತ್ರ, ಅದರ ಕೆಳಗೆ ಅದರ ಜೊತೆ ಮುಳುಗಿದ ನಮ್ಮೂರ ಹುಡುಗರ ಹೆಸರುಗಳು. ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿರುವುದು ಮಾತ್ರ ಉದ್ಘಾಟನೆ ಮಾಡಿದವರ ಹೆಸರು. ಅವರಿಗೆ ಈಜು ಕೂಡ ಬರುವುದಿಲ್ಲ. ಅತಿಥಿಗಳಿಗೆಲ್ಲ ಶಾಮಿಯಾನದ ನೆರಳು, ಮಕ್ಕಳನ್ನು ಕಳೆದುಕೊಂಡ ನಮಗೆ ಹೊರಗೆ ಬಿಸಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ. ಭಾಷಣಗಳು ಮುಗಿಯುವ ಹೊತ್ತಿಗೆ ನನ್ನ ನೆತ್ತಿ ಕಾದುಹೋಗಿತ್ತು.

ಆಮೇಲೆ ಸಮಿತಿಯ ಕಾರ್ಯದರ್ಶಿ ಹೆಸರು ಕೂಗಲು ಎದ್ದ. ಮೈಕು ಸಿಕ್ಕರೆ ಬಿಡದ ಆಸಾಮಿ, ಊರೆಲ್ಲ ಅವನನ್ನು ಮೈಕಪ್ಪ ಅನ್ನುತ್ತದೆ. ಮೂರನೆಯ ಸಾಲಿಗೆ ಬಂದು ನಮ್ಮ ಮನೆಯ ಹುಡುಗನ ಹೆಸರು ಕೂಗಿದ. ನೋಡು ನನ್ನ ಅವಸ್ಥೆ, ಅಭ್ಯಾಸಬಲದಿಂದ ‘ಹಾಂ’ ಎಂದು ಎದ್ದು ನಿಂತುಬಿಟ್ಟೆ! ಎಷ್ಟಾದರೂ ಮೊದಲು ಅದು ನನ್ನ ಹೆಸರಲ್ಲವೇ? ದುಃಖ ತಡೆಯಲಾರದೆ ಎದ್ದನೆಂದು ತಿಳಿದು ಸಭೆಯೂ ಎದ್ದು ನಿಂತಿತು. ನಾನು ಕೂರಲಿಲ್ಲ. ಒಂದು ಸಲ ಆಯಿತು, ಇನ್ನೊಂದು ಸಲ ಕೂಗುತ್ತಾನೆಂದು ಕಾದೆ. ಅವನು ಬೇರೆ ಮನೆಯ ಹುಡುಗನ ಹೆಸರಿಗೆ ಹೋದ. ನಿನ್ನ ವಾರಗಿತ್ತಿ ನನ್ನ ತೋಳು ಹಿಡಿದು ಎಳೆದು ಕೂರಿಸಿದಳು.

ಗಂಡು ಮೊಮ್ಮಕ್ಕಳಿಬ್ಬರಿಗೂ ನನ್ನ ಹೆಸರೇ ಇಡಬೇಕೆಂದು ಹಟ ಹಿಡಿದವಳು ನಿಮ್ಮತ್ತೆ. ಮಾವನ ಹೆಸರು ಹಿಡಿದು ಮಕ್ಕಳನ್ನು ಬೈಯುವುದು ಹೇಗೆಂದು ನೀವಿಬ್ಬರು ಸೊಸೆಯರು ಸೇರಿ ನಿನ್ನ ಮಗನನ್ನು ದೊಡ್ಡು, ಅವಳ ಮಗನನ್ನು ಚಿಕ್ಕು ಮಾಡಿದಿರಿ. ಇನಿಷಿಯಲ್ಲೂ ಒಂದೇ, ಸೇರಿದ ಹಡಗೂ ಒಂದೇ. ಮುಳುಗಿದಾಗ ತಂತಿ ಎರಡು ಬಂದವು, ಅಕ್ಷರ ಅಕ್ಷರವೂ ಒಂದೇ ಹೆಸರಿಗೆ. ಎರಡನೆಯದನ್ನು ತಪ್ಪೆಂದು ಯಾವನೂ ವಾಪಸು ಒಯ್ಯಲಿಲ್ಲ. ಕಲ್ಲಿನ ಮೇಲೆ ಎರಡು ಸಲ ಬರೆಯಲು ಮಾತ್ರ ಇವರ ಕೈ ನಡುಗಿತು.

ಮಾರನೆಯ ದಿನವೇ ಸಮಿತಿಯ ಕಚೇರಿಗೆ ಹೋದೆ. ಮೈಕಪ್ಪನಿಗೆ ತಾನು ಮಾಡಿದ್ದರ ಬಗ್ಗೆ ಎಂಥ ಹೆಮ್ಮೆ ಅಂತೀಯ! “ಒಂದೇ ಹೆಸರು ಎರಡು ಸಲ ಬಂದಿತ್ತು ಅಜ್ಜಾ. ಟೈಪ್ ಮಾಡಿದವನ ತಪ್ಪು ಅಂತ ನಾನೇ ಕಣ್ಣಿಟ್ಟು ತೆಗೆಸಿದೆ. ಇಲ್ಲಾಂದ್ರೆ ಊರ ಮುಂದೆ ನಗೆಪಾಟಲಾಗ್ತಿತ್ತು” ಅಂದ. ಹುಡುಗರು ಇಬ್ಬರು ಕಣಯ್ಯಾ ಎಂದು ಬಿಡಿಸಿ ಹೇಳಿದೆ. ಒಂದು ಗಳಿಗೆ ಪೆಚ್ಚಾದ. ಆಮೇಲೆ ಟೀ ತರಿಸಿ, “ಹೋಗ್ಲಿ ಬಿಡಿ ಅಜ್ಜಾ, ಒಂದೇ ಮನೆ, ಒಂದೇ ಹೆಸರು, ಇಬ್ಬರಿಗೂ ಆಯ್ತಲ್ಲ!” ಎಂದು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. “ಒಂದು ಅಂಗಿ ಹೊಲಿದುಕೊಡ್ತೀನಿ, ನೀನೂ ನಿಮ್ಮಣ್ಣನೂ ಒಟ್ಟಿಗೇ ಹಾಕ್ಕೊಂಡು ಬೀದೀಲಿ ನಡೀರಿ ನೋಡೋಣ” ಅಂದೆ. ಟೀ ಮುಟ್ಟಲಿಲ್ಲ. ಈಗ ಇನ್ನೊಂದು ಹೆಸರು ಕೆತ್ತಿದರೆ ಸಾಲು ಕೆಟ್ಟು ಕಲ್ಲಿನ ಅಂದ ಹೋಗುತ್ತದಂತೆ. ಅಧ್ಯಕ್ಷರೂ ಅದನ್ನೇ ಅಂದರು. ಇರುವ ಹೆಸರು ಯಾವ ಹುಡುಗನದೆಂದು ಮನೆಯಲ್ಲೇ ಮಾತಾಡಿಕೊಂಡು ತೀರ್ಮಾನಿಸಿ ಎಂಬ ಬುದ್ಧಿವಾದ ಬೇರೆ. ಇವರ ಬಾಯಿಗೆ ಮಣ್ಣು ಹಾಕ!

ಸಮುದ್ರ ಕಾಣುವ ಊರೇ ಬೇಡವೆಂದು ನೀನು ಹೊರಟಾಗ ನನಗೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಹೋದದ್ದೇ ಒಳ್ಳೆಯದಾಯಿತು. ಸಮುದ್ರವನ್ನಾದರೂ ಸಹಿಸಬಹುದು, ಈ ಊರನ್ನು ಸಹಿಸಲಾಗುವುದಿಲ್ಲ. ಶಾಲೆಯ ಮಕ್ಕಳು ಸಾಲಾಗಿ ಬಂದು ಹೂವಿಟ್ಟು, ನನ್ನ ಹೆಸರನ್ನು ಗಟ್ಟಿಯಾಗಿ ಓದಿ, ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತವೆ. ಸಾಯಬೇಕಾದವನು ನಾನು, ಹೆಸರಿಗೆ ಸರಿಯಾದವನೂ ನಾನು, ಹೋದವರು ಅವರಿಬ್ಬರು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಕಿರಿ ಮಗ ಬಂದರಿನ ಕಡೆ ಹೋಗುವುದನ್ನೇ ಬಿಟ್ಟಿದ್ದಾನೆ, ಮನೆಯಲ್ಲಿ ಬಾಯಿ ತೆರೆಯುವುದಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಹುಷಾರಾಗಿರು. ಮಾತ್ರೆ ತಪ್ಪಿಸಬೇಡ. ಮಗನಿಗೂ ಮೊಮ್ಮಗಳಿಗೂ ನಾನು ಕೇಳಿದೆನೆಂದು ಹೇಳು. ಉಳಿದವರನ್ನಾದರೂ ದೇವರು ಚೆನ್ನಾಗಿ ಇಟ್ಟಿರಲಿ.

ಇಂತಿ,
ಕಲ್ಲಿನ ಮೇಲೆ ಹೆಸರಿದ್ದೂ ಇನ್ನೂ ಉಸಿರಾಡುತ್ತಿರುವ
ನಿನ್ನ ಮಾವ

ತಾ.ಕ.: ಮುಂದಿನ ತಿಂಗಳು ನೀನು ಬರುವ ಮೊದಲು ಇದನ್ನು ಹೇಳಲೇಬೇಕು. ನಿನ್ನ ವಾರಗಿತ್ತಿ ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಹೋಗಿ ಆ ಮೂರನೆಯ ಸಾಲನ್ನು ಒರೆಸಿ ಬರುತ್ತಾಳೆ. ಮೊನ್ನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, “ಮಾವ, ಅದು ನಮ್ಮ ಚಿಕ್ಕು ಹೆಸರೇ ಅಲ್ವಾ?” ಅಂದಳು. ಹೌದಮ್ಮಾ ಅಂದೆ. ಅವತ್ತಿನಿಂದ ಎರಡು ಹೊತ್ತೂ ಊಟ ಮಾಡುತ್ತಿದ್ದಾಳೆ. ನೀನು ಬಂದಾಗ ಅವಳ ಎದುರಿಗೆ ಮಾತ್ರ ಕೇಳಬೇಡ ತಾಯಿ. ಅವಳು ಇಲ್ಲದ ಹೊತ್ತು ನೋಡಿ ಕೇಳು. ನಿನಗೂ ಹೌದಮ್ಮಾ ಅನ್ನುತ್ತೇನೆ.