ಆರಿಸದೆ ಬಿಟ್ಟ ಮೈಕು

11 ಫೆಬ್ರುವರಿ 2025, ಮಂಗಳವಾರ. ಮಕ್ತಲ್.

ಕಿವಿಯಲ್ಲಿ ಇನ್ನೂ ನನ್ನದೇ ಮಾತು. ನಾಟಕಗಳಿಗೆ ಮೈಕು ಹಚ್ಚುತ್ತಲೇ ಮುದುಕನಾದೆ. ನಟರು ಒಳಬಂದೊಡನೆ ಅವರ ಅಂಗಿಗೆ ಸಿಕ್ಕಿಸಿದ ಮೈಕು ಆರಿಸಬೇಕೆಂದು ಎಷ್ಟು ಮಂದಿಗೆ ಕಲಿಸಿಲ್ಲ! ಇಂದು ರಾಜನ ಪಾತ್ರದ ಶರಣಬಸವ ಪರದೆಯ ಹಿಂದೆ ಬಂದಾಗ ಅವನ ಮೈಕು ಆರಿಸುವುದನ್ನೇ ನಾನು ಮರೆತು, ಅವನಿಗೆ "ಹಂಪಮ್ಮಗ ಧ್ವನಿ ಎಲ್ಲೈತೋ? ನಾ ಸೌಂಡ್ ಏರಿಸ್ತೀನಂತ ನಡದೈತಿ" ಎಂದು ನಕ್ಕೆ. ನೆರೆದವರಿಗೆಲ್ಲ ಕೇಳಿತು. ರಂಗದ ಮೇಲೆ ಹಾಡುತ್ತಿದ್ದ ಹಂಪಮ್ಮನಿಗೂ.

ಆಕೆ ತನ್ನ ಮೈಕು ಬಿಚ್ಚಿಟ್ಟು ಬರೀ ಗಂಟಲಲ್ಲೇ ಹಾಡು ಮುಗಿಸಿದಳು. ನಡುವೆ ಸ್ವರ ಒಡೆಯಿತು. ಜನ ಮಿಸುಕದೆ ಕೇಳಿದರು.

ನಾನು ವೈರು ಸುತ್ತುವಾಗ ಹತ್ತಿರ ಬಂದಳು. ಬೈದಿದ್ದರೆ ಚೆನ್ನಾಗಿತ್ತು.

"ಉಂಡ್ರೇನ್ರಿ, ವೀರಯ್ಯಣ್ಣ?"

ಹೂಂ ಅಂದೆ. ಉಂಡಿರಲಿಲ್ಲ.

ನಾಳೆ ಗದ್ವಾಲದಲ್ಲಿ ಮತ್ತೆ ಆಕೆಯ ಕೈಗೆ ಮೈಕು ಕೊಡಬೇಕು. ಯಾವ ಮುಖ ಹೊತ್ತು ಕೊಡಲಿ?