ಮೂರುಸಂಜೆಯ ಶಾಟ್

ತೋಡೂರು
ಮಂಗಳವಾರ, 4 ಫೆಬ್ರವರಿ 2025

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ನನ್ನ ರೂಪಾಳಿಗೆ,

ಫೋನ್ ಇರುವಾಗ ಪತ್ರ ಯಾಕೆ ಎಂದು ನಗಬೇಡ. ಫೋನಿನಲ್ಲಿ ನೀನು ‘ಆಯ್ತವ್ವಿ, ಆಮೇಲೆ ಮಾಡ್ತೆ’ ಎಂದು ಇಟ್ಟುಬಿಡುತ್ತೀ. ಪತ್ರವಾದರೆ ಪೂರ್ತಿ ಓದಲೇಬೇಕು. ನಾಳೆ ಬೊಮ್ಮು ಮಾವ ಟೆಂಪೋ ತೆಗೆದುಕೊಂಡು ಅಂಕೋಲೆಗೆ ಬರುತ್ತಾನೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಭಾನುವಾರ ನಿನ್ನ ಶಾಟ್ ಹಾಳು ಮಾಡಿದವಳು ನಾನೇ, ಒಪ್ಪಿದೆ. ನಿಮ್ಮ ಶೂಟಿಂಗಿನ ಇಪ್ಪತ್ತು ಜನರಿಗೆ ಬಂಗಡೆ ಸಾರು ಇಳಿಸಿ ಹಿತ್ತಲ ಅಡುಗೆಮನೆಯಿಂದ ತಲೆ ಎತ್ತಿದರೆ ಮೂರುಸಂಜೆಯಾಗಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಒಂದು ಬೆಳಕಿಲ್ಲ. ಕೈ ತನ್ನಷ್ಟಕ್ಕೇ ದೀಪ ಹಚ್ಚಿತು, ಕಾಲು ಅಂಗಳದ ತುಳಸಿಕಟ್ಟೆಗೆ ನಡೆಯಿತು. ಆ ಹೊತ್ತಿಗೆ ನಿನ್ನ ಹೀರೋಯಿನ್ನು ಗೇಟಿನಲ್ಲಿ ನಿಂತು ತನ್ನ ಕತ್ತಲೆ ಮನೆಯನ್ನು ನೋಡುತ್ತಿದ್ದಳಂತೆ, ಒಳಗೆ ಕೊಲೆಗಾರ ಇದ್ದಾನೋ ಇಲ್ಲವೋ ಎಂದು. ಒಳಗಿಂದ ಬಂದದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ನಾನು! ಆ ಹುಡುಗಿ ಕಿರುಚಿದ್ದು ಮಾತ್ರ ನಟನೆಯಲ್ಲ, ನಿಜ.

‘ಅವ್ವಿ, ನಿನ್ನ ಕಾಲಿಗೆ ಬೀಳ್ತೆ, ಒಳಗೆ ಹೋಗೆ!’ ಎಂದು ನೀನು ಎಲ್ಲರೆದುರು ಕೂಗಿದೆ. ಅದಕ್ಕೇ ಬೇಸರ ಮಾಡಿಕೊಂಡು ಮರುದಿನ ಮೊದಲ ಬಸ್ಸಿಗೆ ಹೊರಟುಬಂದೆ ಎಂದುಕೊಂಡಿದ್ದೀಯ. ಅಲ್ಲ ಮಗಾ. ನಿಮ್ಮ ಡೈರೆಕ್ಟರ್ ರವಿಕಿರಣ ಕೈ ತೊಳೆಯಲು ಬಂದವನು ಯಾರಿಗೋ ಹೇಳುತ್ತಿದ್ದ: ಆ ಬೆಳಕು ದಿನಕ್ಕೆ ಹತ್ತೇ ನಿಮಿಷ, ಮನೆ ನಮ್ಮ ಕೈಯಲ್ಲಿರುವುದು ಶುಕ್ರವಾರದವರೆಗೆ, ಈ ಶಾಟಿಗೆ ಬಿಡುವಿರುವುದೂ ಅಂದೇ, ಅಂದೂ ಸರಿ ಬರದಿದ್ದರೆ ಕ್ಯಾಮೆರಾ ಬೇರೆಯವರಿಗೆ ಕೊಡುತ್ತೇನೆ ಎಂದು. ನಿನ್ನ ಮೊದಲ ಸಿನಿಮಾ. ಎಂಟು ವರ್ಷ ಬೇರೆಯವರ ಲೈಟು ಹೊತ್ತ ಮೇಲೆ ಸಿಕ್ಕಿದ್ದು. ನಾನು ಅಲ್ಲೇ ಇದ್ದರೆ ಶುಕ್ರವಾರವೂ ಈ ಕೈ ಸುಮ್ಮನಿರುವುದಿಲ್ಲ ಎಂದು ಹೆದರಿ ಬಂದೆ.

ನಿನ್ನ ಕೆಲಸ ನೋಡಿ ಹೊಟ್ಟೆ ತುಂಬಿತು, ಅದನ್ನೂ ಹೇಳಿಬಿಡುತ್ತೇನೆ. ನಾನು ಗುಡಿಸಿದ ಅಂಗಳಕ್ಕೆ ನಾಲ್ಕು ಕೊಡ ನೀರು ಸುರಿಸಿದಾಗ ಬೈಯೋಣ ಎನಿಸಿತ್ತು. ಆಮೇಲೆ ಒಂದೇ ಲೈಟು ಹಾಕಿಸಿದೆ ನೋಡು, ಒದ್ದೆ ನೆಲ ಹೊಳೆಯಿತು, ಉಳಿದದ್ದೆಲ್ಲ ಬಾವಿಯ ಹಾಗೆ ಕಪ್ಪಾಯಿತು. ಲೈಟನ್ನು ನೆಲಕ್ಕಿಳಿಸಿದಾಗ ನನ್ನದೇ ನೆರಳು ಸೌಟು ಹಿಡಿದು ಮನೆಯ ಮಾಡಿನವರೆಗೆ ಬೆಳೆಯಿತು, ಯಾರೋ ಕತ್ತಿ ಹಿಡಿದು ಬಂದರೆಂದು ಬೆಚ್ಚಿಬಿದ್ದೆ. ಮುಖದ ಅರ್ಧ ತೋರಿಸಿ ಅರ್ಧ ಮುಚ್ಚಿಟ್ಟರೆ ಜನ ಮುಚ್ಚಿಟ್ಟದ್ದನ್ನೇ ನೋಡುತ್ತಾರೆ ಎಂದು ನೀನು ಆ ಹುಡುಗಿಗೆ ಹೇಳುತ್ತಿದ್ದೆ. ಇದನ್ನೆಲ್ಲ ಯಾವಾಗ ಕಲಿತೆ?

ಶನಿವಾರ ನೀನು ನನ್ನನ್ನು ಕೇಳಿದ್ದೆ, ‘ಅವ್ವಿ, ನೀನು ಕಂಡದ್ದರಲ್ಲಿ ಭಾರೀ ಹೆದರಿಕೆಯ ಮನೆ ಯಾವ್ದೆ?’ ಎಂದು. ನಿನ್ನ ಅಜ್ಜಿ ಇರುವಾಗಿನ ಅಡುಗೆಮನೆ ಎಂದು ನಗಿಸಿ ಜಾರಿಕೊಂಡೆ. ನಿಜವಾದ ಉತ್ತರ ಬೇರೆ.

ಚೆಂಡಿಯಾದ ನಮ್ಮ ಮನೆ ನೇವಿಯವರ ನೆಲೆಗೆ ಹೋಗಿ ನಾವು ಊರು ಬಿಟ್ಟ ದಿನ ನಿನಗೆ ಮೂರು ವರ್ಷ. ನಿನ್ನ ಅಪ್ಪ ಹೆಂಚು, ಬಾಗಿಲು, ಕಿಟಕಿ ಎಲ್ಲ ಬಿಚ್ಚಿ ಲಾರಿಗೆ ಹೇರಿದ. ಎಲ್ಲರೂ ಹತ್ತಿದ ಮೇಲೆ ನನಗೆ ಈಳಿಗೆಮಣೆಯ ನೆನಪಾಯಿತು. ತರಲು ಓಡಿದೆ. ಮೂರುಸಂಜೆ. ಗದ್ದೆಯ ಅಂಚಿನಿಂದ ನೋಡಿದರೆ ಬಾಗಿಲಿದ್ದಲ್ಲಿ ಕಪ್ಪು, ಕಿಟಕಿಯಿದ್ದಲ್ಲಿ ಕಪ್ಪು. ಅಂಗಳದಲ್ಲಿ ತುಳಸಿಕಟ್ಟೆ, ಗೂಡಿನಲ್ಲಿ ಹಿಂದಿನ ದಿನದ ಹಣತೆ, ಬತ್ತಿಯೂ ಇತ್ತು. ಹಚ್ಚುವವರಿರಲಿಲ್ಲ. ಬೆಂಕಿಪೊಟ್ಟಣ ಲಾರಿಯಲ್ಲಿತ್ತು. ಒಳಗೆ ಯಾರೋ ನಿಂತು ನನ್ನನ್ನೇ ನೋಡುತ್ತಿದ್ದಾರೆ ಎನಿಸಿತು ರೂಪಾ. ಯಾರೂ ಇರಲಿಲ್ಲ. ಅಲ್ಲಿ ಇರಬೇಕಾದವರು ನಾವೇ. ಕಾಲು ಮುಂದೆ ಬರಲಿಲ್ಲ. ಈಳಿಗೆಮಣೆ ಸಿಗಲಿಲ್ಲ ಎಂದು ಅಪ್ಪನಿಗೆ ಸುಳ್ಳು ಹೇಳಿ ಲಾರಿ ಹತ್ತಿದೆ. ಅಂದಿನಿಂದ ಮೂರುಸಂಜೆಗೆ ಯಾವ ಮನೆ ಕತ್ತಲಾಗಿದ್ದರೂ ನನ್ನಿಂದ ನೋಡಲಾಗುವುದಿಲ್ಲ. ಭಾನುವಾರ ಆದದ್ದೂ ಅದೇ.

ಏಳನೇ ಇಯತ್ತೆ ಓದಿದವಳು ಕ್ಯಾಮೆರಾದವಳಿಗೆ ಬುದ್ಧಿ ಹೇಳುವುದು ಅಧಿಕಪ್ರಸಂಗವೇ. ಆದರೂ ಕೇಳು. ನಿನ್ನ ಆ ಮನೆ ಬರೇ ಕತ್ತಲೆ. ಅಲ್ಲಿ ಯಾರೂ ಬಾಳಿದ ಹಾಗೆ ಕಾಣುವುದಿಲ್ಲ, ಹಾಗಾಗಿ ಹೆದರಿಕೆಯೂ ಬರುವುದಿಲ್ಲ. ತುಳಸಿಕಟ್ಟೆಯ ಗೂಡಿನಲ್ಲಿ ಒಂದು ಹಣತೆ ಇಡು. ಎಣ್ಣೆ ಹಾಕು, ಬತ್ತಿ ಹಾಕು, ಹಚ್ಚಬೇಡ. ನಿನ್ನ ಒಂದು ಲೈಟು ಅದರ ಮೇಲೆ ಬೀಳಲಿ. ಗೇಟಿನಲ್ಲಿ ನಿಂತ ಹುಡುಗಿ ಅದನ್ನು ನೋಡಿದರೆ ಸಾಕು, ಮನೆಯಲ್ಲಿ ಏನೋ ಆಗಿಹೋಗಿದೆ ಎಂದು ನಮ್ಮ ಕಡೆಯ ಹೆಂಗಸರಿಗೆಲ್ಲ ಎದೆ ಧಸಕ್ಕೆನ್ನುತ್ತದೆ.

ಶುಕ್ರವಾರ ಆ ಹೊತ್ತಿಗೆ ನಾನು ಇಲ್ಲಿ ಎರಡು ದೀಪ ಹಚ್ಚುತ್ತೇನೆ. ಒಂದು ನಮ್ಮದು, ಒಂದು ಅಲ್ಲಿ ಹಚ್ಚದೆ ಬಿಟ್ಟದ್ದರದು. ನೀನು ನಿಶ್ಚಿಂತೆಯಿಂದ ಕತ್ತಲೆ ಮಾಡು. ಹೊತ್ತಿಗೆ ಸರಿಯಾಗಿ ಉಣ್ಣು, ಬರೇ ಚಾ ಕುಡಿದು ಇರಬೇಡ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ನಿನಗೂ ಇರಬಾರದು.

ನಿನ್ನ ಶಾಟಿಗೆ ಅಡ್ಡ ಬಂದ
ಅವ್ವಿ, ಗಂಗೆ

ತಾ.ಕ.: ಗೋಡೆಯ ಮೇಲೆ ಸರಳುಗಳ ನೆರಳು ಬೀಳಿಸಬೇಕು, ಈ ಮನೆಗೆಲ್ಲ ಗಾಜಿನ ಕಿಟಕಿ, ನಮ್ಮ ಚೆಂಡಿಯಾದ ಮರದ ಸರಳಿನ ಕಿಟಕಿ ಎಲ್ಲಿ ಎಂದು ನೀನು ಹೋದ ತಿಂಗಳು ಕೇಳಿದಾಗ ಗೆದ್ದಲು ತಿಂದಿತು ಎಂದಿದ್ದೆ. ತಿಂದಿಲ್ಲ. ಇಪ್ಪತ್ತೈದು ವರ್ಷ ಬಚ್ಚಲ ಹಿಂದೆ ಗೋಣಿ ಹೊದೆಸಿ ಇಟ್ಟಿದ್ದೇನೆ, ವರ್ಷಕ್ಕೊಮ್ಮೆ ಎಣ್ಣೆ ಒರೆಸಿ. ನಮ್ಮ ಕಿಟಕಿ ಕೊಲೆಗಾರ ಹೊಕ್ಕ ಮನೆಗೆ ಹೋಗುವುದು ಬೇಡ ಎಂದು ಬಚ್ಚಿಟ್ಟೆ. ಬೊಮ್ಮು ಮಾವನ ಟೆಂಪೋದಲ್ಲಿ ಈ ಪತ್ರದ ಜೊತೆ ಬಂದದ್ದು ಅದೇ, ಹುಷಾರಾಗಿ ಇಳಿಸಿಕೋ. ಲೈಟು ಹಿಡಿದು ನೋಡು. ಆ ನೆರಳಿನ ಪಟ್ಟಿಗಳ ಮೇಲೆ ಚಾಪೆ ಹಾಕಿ ನಿನ್ನನ್ನು ಮಲಗಿಸುತ್ತಿದ್ದೆ, ನೀನು ಅವನ್ನು ಹಿಡಿಯಲು ಕೈ ಆಡಿಸುತ್ತಿದ್ದೆ. ಎಡದಿಂದ ಮೂರನೇ ಸರಳಿನಲ್ಲಿ ಕೆಳಗೆ ಹಲ್ಲಿನ ಗುರುತಿದೆ. ಅದು ಇಲಿಯದಲ್ಲ, ನಿನ್ನದು.